ಇನ್ನೊಬ್ಬರ ಮನೆಗೆ ಸವಾಲು ಹಾಕುವ ಮುನ್ನ

ಇಶಾ ನಮಾಝ್ ಮುಗಿದು ಜನರೆಲ್ಲ ಚದುರಿದ ಮೇಲೆ ಪರಿಚಯದ ಹಿರಿಯರೊಬ್ಬರು ನನ್ನನ್ನು ಮಸೀದಿಯ ಜಗಲಿಯಲ್ಲಿ ನಿಲ್ಲಿಸಿದರು. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು. ಕೈಯಲ್ಲಿ ನಾಲ್ಕಾಗಿ ಮಡಚಿದ ದಿನಪತ್ರಿಕೆಯ ಹಾಳೆಯಿತ್ತು. ಬಿಡಿಸಿ ತೋರಿಸಿದರು. ಬ್ಯಾಂಕೊಂದರ ಹರಾಜು ಪ್ರಕಟಣೆ. ನಮ್ಮದೇ ಊರಿನ ಆರೂವರೆ ಸೆಂಟ್ಸ್ ಜಾಗ, ಅದರಲ್ಲಿರುವ ತಾರಸಿ ಮನೆ. ಬಾಕಿ 37 ಲಕ್ಷ ರೂಪಾಯಿ ಮತ್ತು ಮುಂದಿನ ಬಡ್ಡಿ. ಮೀಸಲು ಬೆಲೆ 40 ಲಕ್ಷ.

“ಉಸ್ತಾದರೇ, ಮಗಳ ಹೆಸರಿಗೆ ನನಗೊಂದು ಮನೆ ಬೇಕು. ಹೊರಗೆ ಇಂಥದ್ದಕ್ಕೆ 55 ಲಕ್ಷಕ್ಕೆ ಕಡಿಮೆಯಿಲ್ಲ. ಈ ಏಲಂನಲ್ಲಿ ನಾನು ನಿಲ್ಲಬಹುದೇ?”

“ಏಲಂ ವ್ಯಾಪಾರಕ್ಕೆ ಅನುಮತಿಯಿದೆಯಲ್ಲ ಕಾಕ? ನಮ್ಮ ಮಸೀದಿಯಲ್ಲೇ ಹಲಸಿನ ಹಣ್ಣು, ಬಾಳೆಗೊನೆ ಏಲಂ ಆಗುತ್ತದಲ್ಲ” ಎಂದೆ.

ಅವರು ಪ್ರಕಟಣೆಯಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟರು. ಆ ಹೆಸರಿನವರು ನಮ್ಮ ಜೊತೆ ಒಂದೇ ಸಫ್‌ನಲ್ಲಿ ನಿಲ್ಲುವವರು. ಅಂದು ಇಶಾಕ್ಕೂ ಬಂದಿದ್ದರು. ಸಲಾಮ್ ಹೇಳಿ ಹೋಗಿದ್ದರು.

“ಇನ್ನೊಂದು ವಿಷಯವಿದೆ. ಜಾಗದ ವ್ಯಾಪಾರ ಮಾಡುವ ಮೂವರು ನಿನ್ನೆ ಮನೆಗೆ ಬಂದಿದ್ದರು. ನಾನು ಏಲಂಗೆ ನಿಲ್ಲದಿದ್ದರೆ ಎರಡು ಲಕ್ಷ ಕೊಡುತ್ತಾರಂತೆ. ಸುಮ್ಮನಿರುವುದಕ್ಕೆ ಎರಡು ಲಕ್ಷ! ಸುಮ್ಮನಿರುವುದು ಪಾಪವಾಗುತ್ತದೆಯೇ ಉಸ್ತಾದರೇ?”

ನಾನು ಒಂದು ವಾರದ ಸಮಯ ಕೇಳಿದೆ. ನಾನು ಮುಫ್ತಿಯಲ್ಲ, ವಕೀಲನೂ ಅಲ್ಲ. ಮಕ್ಕಳಿಗೆ ಪಾಠ ಹೇಳುವವನು. ಆ ವಾರ ಕಿತಾಬುಗಳನ್ನು ತೆರೆದೆ, ಕಾನೂನು ಬಲ್ಲ ಗೆಳೆಯರೊಬ್ಬರ ಬಳಿ ಕುಳಿತೆ. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಇಂಥ ಪ್ರಕಟಣೆಗಳು ಈಗ ಪತ್ರಿಕೆಗಳಲ್ಲಿ ಪುಟ ತುಂಬ ಬರುತ್ತಿವೆ. ಅವುಗಳನ್ನು ಅಗ್ಗದ ಮನೆಯ ಆಸೆಯಿಂದ ಓದುವವರಲ್ಲಿ ನಮ್ಮವರೂ ಇದ್ದಾರೆ. ತಮ್ಮದೇ ಹೆಸರನ್ನು ಅಲ್ಲಿ ಕಂಡು ತಲೆ ತಗ್ಗಿಸುವವರಲ್ಲಿಯೂ ನಮ್ಮವರಿದ್ದಾರೆ.

ಪ್ರವಾದಿಯವರು(ಸ) ನಡೆಸಿದ ಏಲಂ

ಅಬೂದಾವೂದ್ ಮತ್ತಿತರ ಹದೀಸ್ ಸಂಗ್ರಹಗಳಲ್ಲಿ ಹಝ್ರತ್ ಅನಸ್‌ರಿಂದ(ರ) ವರದಿಯಾದ ಒಂದು ಘಟನೆಯಿದೆ. ಅನ್ಸಾರಿಯೊಬ್ಬರು ಪ್ರವಾದಿಯವರ(ಸ) ಬಳಿ ಬೇಡಲು ಬಂದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿಯವರು(ಸ) ವಿಚಾರಿಸಿದರು. ಅರ್ಧ ಹೊದ್ದು ಅರ್ಧ ಹಾಸಿಕೊಳ್ಳುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ, ಇಷ್ಟೇ ಇತ್ತು. ಅವನ್ನು ತರಿಸಿ, ತಮ್ಮ ಕೈಯಲ್ಲಿ ಹಿಡಿದು, ಕೊಳ್ಳುವವರು ಯಾರೆಂದು ಕೇಳಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಎರಡು ಮೂರು ಬಾರಿ ಕೇಳಿದರು. ಇನ್ನೊಬ್ಬರು ಎರಡು ದಿರ್ಹಮ್ ಕೊಟ್ಟು ಕೊಂಡರು. ಆ ಹಣದಲ್ಲಿ ಒಂದು ದಿರ್ಹಮ್ ಮನೆಯ ಊಟಕ್ಕೆ, ಇನ್ನೊಂದು ಕೊಡಲಿಗೆ ಹೋಯಿತು. ಕೊಡಲಿಗೆ ಹಿಡಿ ಹಾಕಿ ಕೊಟ್ಟವರು ಪ್ರವಾದಿಯವರೇ(ಸ). ಹದಿನೈದು ದಿನ ಸೌದೆ ಕಡಿದು ಮಾರಿದ ಆ ಮನುಷ್ಯ ಹತ್ತು ದಿರ್ಹಮ್ ಗಳಿಸಿ ಬಂದರು.

ಇನ್ನೊಬ್ಬರು ಬೆಲೆ ಹೇಳಿದ ವಸ್ತುವಿಗೆ ನಾವು ಹೆಚ್ಚು ಬೆಲೆ ಹೇಳುವುದು ಸಹೋದರನ ವ್ಯಾಪಾರದ ನಡುವೆ ಪ್ರವೇಶಿಸಿದಂತೆ ಆಗದೇ ಎಂಬ ಸಂಶಯ ಹಿಂದಿನವರಿಗೂ ಇತ್ತು. ಇಬ್ರಾಹೀಮ್ ನಖಈಯವರು ಏಲಂ ವ್ಯಾಪಾರವನ್ನು ಮೆಚ್ಚಿರಲಿಲ್ಲ ಎಂಬ ವರದಿಯಿದೆ. ಆದರೆ ಬಹುಪಾಲು ವಿದ್ವಾಂಸರು ಅದನ್ನು ಅನುಮತಿಸಿದ್ದಾರೆ. ಮಾರುವವನೂ ಕೊಳ್ಳುವವನೂ ಒಂದು ಬೆಲೆಗೆ ಒಪ್ಪಿದ ಮೇಲೆ ನಡುವೆ ನುಗ್ಗುವುದು ನಿಷಿದ್ಧ. ಮಾರುವವನು ಇನ್ನೂ ಒಪ್ಪದೆ, ಹೆಚ್ಚು ಕೊಡುವವರಿಗಾಗಿ ಕಾಯುತ್ತಿರುವಾಗ ಬೆಲೆ ಏರಿಸುವುದು ನಿಷಿದ್ಧವಲ್ಲ. ಆದ್ದರಿಂದ ಕಾಕನವರ ಮೊದಲ ಪ್ರಶ್ನೆಗೆ ನಾನು ಜಗಲಿಯಲ್ಲಿ ಕೊಟ್ಟ ಉತ್ತರ ತಪ್ಪಾಗಿರಲಿಲ್ಲ.

ಆದರೆ ಆ ಹದೀಸ್ ಅನ್ನು ಮಕ್ಕಳಿಗೆ ಹತ್ತಾರು ಸಲ ಹೇಳಿದ್ದರೂ ನಾನು ಗಮನಿಸದಿದ್ದ ಒಂದು ಸಂಗತಿ ಆ ವಾರ ಕಣ್ಣಿಗೆ ಬಿತ್ತು. ಅಲ್ಲಿ ಏಲಂ ಕೂಗಿದವರು ಆ ಬಡವನ ಹಿತೈಷಿ. ಹೆಚ್ಚು ಕೊಡುವವರು ಯಾರು ಎಂದು ಮತ್ತೆ ಮತ್ತೆ ಕೇಳಿದ್ದು ಅವನಿಗಾಗಿ. ಏರಿದ ಆ ಒಂದು ದಿರ್ಹಮ್ ಸೇರಿದ್ದು ಅವನ ಕೈಗೆ. ನಮ್ಮ ಕಾಲದ ಏಲಂಗಳನ್ನು ಈ ಅಳತೆಗೋಲಿನಿಂದಲೇ ನೋಡಬೇಕಲ್ಲವೇ?

ಕಾನೂನು ನಡೆಯುವ ದಾರಿ

ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯನ್ನು ಮಾರುವ ಅಧಿಕಾರ ಪಡೆದದ್ದು 2002ರ ಸರ್ಫೇಸಿ ಕಾಯ್ದೆಯಿಂದ. ಅದರ ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ ಹೀಗೆ. ಸಾಮಾನ್ಯವಾಗಿ ಕಂತು 90 ದಿನಗಳಿಗೂ ಹೆಚ್ಚು ಕಾಲ ಬಾಕಿಯಾದರೆ ಸಾಲವನ್ನು ವಸೂಲಾಗದ ಸಾಲವೆಂದು ಬ್ಯಾಂಕು ಗುರುತಿಸುತ್ತದೆ. ಅನಂತರ ಸಾಲಗಾರನಿಗೆ 60 ದಿನಗಳ ನೋಟಿಸು. ಅವನು ಆಕ್ಷೇಪ ಸಲ್ಲಿಸಿದರೆ 15 ದಿನಗಳೊಳಗೆ ಬ್ಯಾಂಕು ಉತ್ತರಿಸಬೇಕು. 60 ದಿನಗಳಲ್ಲಿ ಹಣ ಬಾರದಿದ್ದರೆ ಆಸ್ತಿಯನ್ನು ವಶಕ್ಕೆ ಪಡೆಯಬಹುದು. ಅಗತ್ಯಬಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ನೆರವು ಕೇಳಬಹುದು. ಬ್ಯಾಂಕಿನ ಕ್ರಮದಲ್ಲಿ ಅನ್ಯಾಯವಾಗಿದೆ ಎನ್ನುವವನು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆಹೋಗಬಹುದು. ಮೊದಲ ಹರಾಜಿಗೆ 30 ದಿನಗಳ ಮುಂಚಿನ ಪ್ರಕಟಣೆ ಬೇಕು. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಇದರಲ್ಲಿ ಎರಡು ಮಾತುಗಳನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಮೊದಲನೆಯದು, ಮನೆ ಮಾರಿದ ಹಣದಲ್ಲಿ ಬ್ಯಾಂಕಿನ ಬಾಕಿ ಮತ್ತು ಖರ್ಚುಗಳನ್ನು ಕಳೆದು ಉಳಿದದ್ದು ಬ್ಯಾಂಕಿನದ್ದಲ್ಲ. ಬೇರೆ ಯಾರಿಗೂ ಅದರ ಮೇಲೆ ಹಕ್ಕಿಲ್ಲದಿದ್ದರೆ ಅದು ಸಾಲಗಾರನಿಗೆ ಸೇರಬೇಕು. ಬಾಕಿಗಿಂತ ಕಡಿಮೆ ಹಣ ಬಂದರೆ ಕೊರತೆ ಅವನ ತಲೆಯ ಮೇಲೆಯೇ ಉಳಿಯುತ್ತದೆ. ಮನೆ ಹೋದ ಮೇಲೂ ಸಾಲ ಹೋಗುವುದಿಲ್ಲ.

ಎರಡನೆಯದು, ಬಾಕಿಯನ್ನೆಲ್ಲ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕಿಗೆ ಒಂದು ಗಡುವಿದೆ. 2016ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಹರಾಜಿನ ಪ್ರಕಟಣೆ ಹೊರಬೀಳುವುದಕ್ಕೆ ಮುಂಚೆ ಅದನ್ನು ಬಳಸಬೇಕು. 2023ರಲ್ಲಿ ಸುಪ್ರೀಂ ಕೋರ್ಟು ಕೂಡ ಪ್ರಕಟಣೆಯ ನಂತರ ಆ ಹಕ್ಕು ಉಳಿಯುವುದಿಲ್ಲವೆಂದು ತೀರ್ಪು ನೀಡಿತು. ಹರಾಜಿನ ದಿನದವರೆಗೂ ಸಮಯವಿದೆ ಎಂದು ನಂಬಿ ಕೂರುವವರು ಇದನ್ನು ನೆನಪಿಡಲಿ.

ಎರಡು ಲಕ್ಷ ಯಾರ ಜೇಬಿನದು?

ಈಗ ಆ ಮೂವರ ಪ್ರಸ್ತಾಪವನ್ನು ನೋಡೋಣ. ಪ್ರಾಮಾಣಿಕವಾಗಿ ಸವಾಲು ನಡೆದರೆ ಆ ಮನೆ 48 ಲಕ್ಷಕ್ಕೆ ಹೋಗಬಹುದು ಎಂದುಕೊಳ್ಳಿ. ಬಾಕಿ, ಬಡ್ಡಿ, ಖರ್ಚು ಎಲ್ಲ ಸೇರಿ 39 ಲಕ್ಷವಾದರೆ 9 ಲಕ್ಷ ಮನೆಯವರಿಗೆ ಉಳಿಯುತ್ತದೆ. ಎಲ್ಲರೂ ಒಳಗೊಳಗೇ ಒಪ್ಪಂದ ಮಾಡಿಕೊಂಡು ಒಬ್ಬನನ್ನೇ ಮುಂದೆ ಬಿಟ್ಟು 40 ಲಕ್ಷಕ್ಕೆ ಮುಗಿಸಿದರೆ ಉಳಿಯುವುದು ಒಂದೇ ಲಕ್ಷ. ಬ್ಯಾಂಕಿಗೆ ಎರಡೂ ಸಂದರ್ಭದಲ್ಲಿ ಪೂರ್ತಿ ಹಣ ಬಂತು. ಅದು ಒಂದು ಪೈಸೆಯನ್ನೂ ಕಳೆದುಕೊಳ್ಳಲಿಲ್ಲ. ಹಾಗಾದರೆ ಕಾಕನವರಿಗೆ ಸಿಗಲಿದ್ದ ಎರಡು ಲಕ್ಷವೂ ಆ ಮೂವರು ಹಂಚಿಕೊಳ್ಳಲಿದ್ದ ಆರು ಲಕ್ಷವೂ ಎಲ್ಲಿಂದ ಬಂದವು? ಮನೆ ಕಳೆದುಕೊಂಡು ಬಾಡಿಗೆ ಕೋಣೆ ಹುಡುಕಲಿರುವ ಆ ಕುಟುಂಬದ ಕೈಯಿಂದ!

“ಬ್ಯಾಂಕಿಗೆ ತಾನೇ ನಷ್ಟ, ಅದೇನು ನಮ್ಮವರದ್ದೇ?” ಎಂದು ಹೇಳುವವರನ್ನು ನಾನು ಕೇಳಿದ್ದೇನೆ. ಬ್ಯಾಂಕಿಗೆ ಮೋಸ ಮಾಡುವುದೂ ಮೋಸವೇ, ಅದು ಬೇರೆ ಮಾತು. ಆದರೆ ಇಲ್ಲಿ ಆ ನೆಪಕ್ಕೂ ಜಾಗವಿಲ್ಲ. ಈ ಗುಟ್ಟಿನ ಒಪ್ಪಂದದಲ್ಲಿ ದೋಚಲ್ಪಡುವವನು ಸಾಲಗಾರ. ಅವನು ಅದನ್ನು ತಿಳಿಯುವುದೂ ಇಲ್ಲ. ಈಗ ಹರಾಜು ಕಂಪ್ಯೂಟರಿನಲ್ಲಿ ನಡೆಯುತ್ತದೆ, ಮೋಸಕ್ಕೆ ದಾರಿಯಿಲ್ಲ ಎನ್ನಬಹುದು. ಒಪ್ಪಂದ ಮಾಡಿಕೊಳ್ಳಲು ಒಂದೇ ಕೋಣೆಯಲ್ಲಿ ಕೂರಬೇಕಾಗಿಲ್ಲ, ಹಿಂದಿನ ದಿನ ಮನೆಯ ಜಗಲಿಯಲ್ಲಿ ಚಹಾ ಕುಡಿದರೂ ಸಾಕು.

ಫಿಕ್‌ಹ್ ವಿದ್ವಾಂಸರು ಈ ಕುತಂತ್ರವನ್ನು ಕಾಣದವರಲ್ಲ. ಮಾಲಿಕೀ ಗ್ರಂಥಗಳು ಇಲ್ಲೊಂದು ಸೂಕ್ಷ್ಮ ವ್ಯತ್ಯಾಸವನ್ನು ಮಾಡಿವೆ. ನನಗೆ ಈ ವಸ್ತು ಬೇಕು, ನೀನು ಬೆಲೆ ಏರಿಸಬೇಡ ಎಂದು ಒಬ್ಬನನ್ನು ಕೇಳಿಕೊಳ್ಳುವುದಕ್ಕೆ ಅವರು ಅವಕಾಶ ಕೊಟ್ಟಿದ್ದಾರೆ. ಆದರೆ ಎಲ್ಲರನ್ನೂ ಹಾಗೆ ತಡೆಯುವುದಕ್ಕೆ ಅವಕಾಶ ಕೊಟ್ಟಿಲ್ಲ. ಏಕೆಂದರೆ ಆಗ ಮಾರುವವನಿಗೆ ದಾರಿಯೇ ಉಳಿಯುವುದಿಲ್ಲ. ಕೊಳ್ಳುವವರೆಲ್ಲ ಕೂಡಿಕೊಂಡು ಬೆಲೆ ಇಳಿಸುವುದನ್ನು ಇಬ್ನು ತೈಮಿಯ್ಯ ಕೂಡ ಅನ್ಯಾಯವೆಂದು ಪರಿಗಣಿಸಿದ್ದಾರೆ. ನಮ್ಮ ಪ್ರಶ್ನೆಯಲ್ಲಿರುವುದು ಬರೀ ಕೇಳಿಕೆಯೂ ಅಲ್ಲ, ಹಣ ಕೊಟ್ಟು ಮಾಡಿಸುವ ಮೌನ. ಆದ್ದರಿಂದ ಸುಮ್ಮನಿರುವುದು ಪಾಪವೇ ಎಂಬ ಪ್ರಶ್ನೆಗೆ ನನಗೆ ತೋಚಿದ ಉತ್ತರವಿದು: ಸುಮ್ಮನಿರುವುದು ಪಾಪವಲ್ಲ, ಮೌನವನ್ನು ಮಾರುವುದು ಪಾಪ.

ಇದಕ್ಕೆ ತದ್ವಿರುದ್ಧವಾದ ಮೋಸವೂ ಇದೆ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆಯನ್ನು ಸುಳ್ಳು ಸುಳ್ಳಾಗಿ ಏರಿಸುವುದು. ಇದಕ್ಕೆ ಅರಬೀ ಭಾಷೆಯಲ್ಲಿ ನಜಶ್ ಎನ್ನುತ್ತಾರೆ. ಪ್ರವಾದಿಯವರು(ಸ) ಇದನ್ನು ನಿಷೇಧಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಪಾಪ, ಮನೆ ಹೋಗುತ್ತಿರುವವನಿಗೆ ನಾಲ್ಕು ಕಾಸು ಹೆಚ್ಚು ಸಿಗಲಿ ಎಂಬ ಕನಿಕರದಿಂದಲೂ ಸುಳ್ಳು ಸವಾಲು ಹಾಕಲು ನಮಗೆ ಅನುಮತಿಯಿಲ್ಲ. ಒಬ್ಬನಿಗೆ ದಯೆ ತೋರಲು ಇನ್ನೊಬ್ಬನನ್ನು ವಂಚಿಸುವುದು ಧರ್ಮವಾಗುವುದಿಲ್ಲ. ನಮ್ಮ ಮಸೀದಿಯ ಹಲಸಿನ ಹಣ್ಣಿನ ಏಲಂನಲ್ಲಿಯೂ ಒಬ್ಬರನ್ನು ಕೆಣಕಿ ಬೆಲೆ ಏರಿಸಿ, ಕೊನೆಗೆ ನಗುತ್ತ ಹಿಂದೆ ಸರಿಯುವ ಅಭ್ಯಾಸವಿದೆ. ಮಸೀದಿಗೆ ಹಣ ಬರುತ್ತದಲ್ಲ ಎಂದು ನಾವು ನಗುತ್ತೇವೆ. ಮಸೀದಿಗೆ ದಾನ ಮಾಡಬೇಕೆಂದಿದ್ದರೆ ನಮ್ಮ ಜೇಬಿನಿಂದ ಮಾಡೋಣ.

ಕೊಳ್ಳದೆ ಇರುವುದೇ ದಯೆಯೇ?

ಇಲ್ಲಿ ನಿಜವಾದ ಕಷ್ಟದ ಪ್ರಶ್ನೆ ಬರುತ್ತದೆ. ಒಂದೇ ಸಫ್‌ನಲ್ಲಿ ನಿಲ್ಲುವವನ ಮನೆಯನ್ನು ನಾನು ಹೇಗೆ ಕೊಳ್ಳಲಿ ಎಂದು ದೇವಭಯವುಳ್ಳವನು ಹಿಂದೆ ಸರಿಯುತ್ತಾನೆ. ಅವನ ಭಾವನೆ ಒಳ್ಳೆಯದೇ. ಆದರೆ ಪರಿಣಾಮವೇನು? ಮನಸ್ಸಾಕ್ಷಿಯುಳ್ಳವರೆಲ್ಲ ಹಿಂದೆ ಸರಿದರೆ ಮುಂದೆ ಉಳಿಯುವವರು ಆ ಮೂವರೇ. ಬೆಲೆ ಕುಸಿಯುತ್ತದೆ. ನಾವು ದಯೆ ತೋರಿದೆವೆಂದು ಮನೆಗೆ ಹೋಗಿ ಮಲಗುತ್ತೇವೆ, ಅವನು ಎಂಟು ಲಕ್ಷ ಕಳೆದುಕೊಂಡು ಎಚ್ಚರವಾಗಿರುತ್ತಾನೆ.

ಇನ್ನೊಂದು ಸಂಶಯವೂ ಇದೆ, ಅದನ್ನು ಮರೆಮಾಚಲಾರೆ. ಈ ಸಾಲದಲ್ಲಿ ಬಡ್ಡಿಯಿದೆ. ವ್ಯಾಪಾರವು ಪರಸ್ಪರ ಸಮ್ಮತಿಯಿಂದ ನಡೆಯಬೇಕೆಂದು ಅನ್ನಿಸಾಅ್ ಅಧ್ಯಾಯದ 29ನೇ ಸೂಕ್ತದ ಆಶಯ. ಹರಾಜಿನಲ್ಲಿ ಮನೆಯವನ ಸಮ್ಮತಿ ಎಲ್ಲಿದೆ? ನ್ಯಾಯವಾದ ಸಾಲವನ್ನು ತೀರಿಸಲು ಸಾಲಗಾರನ ಆಸ್ತಿಯನ್ನು ಮಾರಿಸಬಹುದೆಂದು ಬಹುಪಾಲು ವಿದ್ವಾಂಸರು ಹೇಳಿದ್ದಾರೆ. ಹಕ್ಕಿನ ಕಾರಣದಿಂದ ಬಂದ ಒತ್ತಾಯವು ವ್ಯಾಪಾರವನ್ನು ಕೆಡಿಸುವುದಿಲ್ಲ ಎಂಬುದು ಅವರ ವಾದ. ಇಮಾಮ್ ಅಬೂಹನೀಫಾ ಮಾತ್ರ ನ್ಯಾಯಾಧೀಶನು ಒತ್ತಾಯಿಸಬಹುದೇ ಹೊರತು ತಾನೇ ಮಾರಬಾರದು ಎಂದರು, ಅವರ ಇಬ್ಬರು ಶಿಷ್ಯರೂ ಇದನ್ನು ಒಪ್ಪಲಿಲ್ಲ. ವಾಸದ ಮನೆಯ ಬಗ್ಗೆಯೂ ಭಿನ್ನಾಭಿಪ್ರಾಯವಿದೆ. ಸಾಲಗಾರನಿಗೆ ಅನಿವಾರ್ಯವಾದ ಮನೆಯನ್ನು ಮಾರಬಾರದೆಂದು ಇಮಾಮ್ ಅಹ್ಮದ್ ಹೇಳಿದರೆ, ಮಾರಿ ಅವನಿಗೆ ಬಾಡಿಗೆ ಮನೆ ಮಾಡಿಕೊಡಬೇಕೆಂದು ಇಮಾಮ್ ಶಾಫಿಈ ಮತ್ತು ಇಮಾಮ್ ಮಾಲಿಕ್ ಹೇಳಿದರು. ಗಮನಿಸಿ, ಯಾರೊಬ್ಬರೂ ಅವನನ್ನು ಬೀದಿಯಲ್ಲಿ ಬಿಡಲಿಲ್ಲ.

ಅಸಲು ನ್ಯಾಯವಾದ ಹಕ್ಕು, ಬಡ್ಡಿ ಹಾಗಲ್ಲ. ಎರಡೂ ಬೆರೆತಿರುವ ಈ ಮಾರಾಟದಲ್ಲಿ ಕೊಳ್ಳುವವನ ಸ್ಥಾನವೇನೆಂಬುದನ್ನು ಪ್ರತಿಯೊಬ್ಬರೂ ತಾವು ನಂಬುವ ವಿದ್ವಾಂಸರಲ್ಲಿ ಕೇಳಿ ತಿಳಿಯಬೇಕು. ನಾನು ಕಾಕನವರಿಗೆ ಹೇಳಿದ್ದು ಒಂದೇ ಮಾತು: “ಸಮ್ಮತಿ ಕಾಗದದಲ್ಲಿ ಇಲ್ಲದಿದ್ದರೆ ಅವರ ಮುಖದಲ್ಲಿ ಹುಡುಕಿ. ಹೋಗಿ ಅವರನ್ನು ಭೇಟಿಯಾಗಿ. ನಾನು ನಿಲ್ಲುವವನಿದ್ದೇನೆ, ನಿಮಗೆ ನೋವಿದೆಯೇ ಎಂದು ಕೇಳಿ.”

ಕಾಕ ಹೋದರು. ಆ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, “ಹೇಗೂ ಹೋಗುತ್ತದೆ. ಗೊತ್ತಿರುವವರು ನ್ಯಾಯವಾದ ಬೆಲೆ ಕೊಟ್ಟು ತೆಗೆದುಕೊಂಡರೆ ನನಗೂ ಸ್ವಲ್ಪ ಉಳಿದೀತು” ಎಂದರಂತೆ.

ಕೊಳ್ಳುವವನ ಲೆಕ್ಕ

ನ್ಯಾಯವಾಗಿ ಸವಾಲು ಹಾಕಬೇಕಾದವನು ಮೊದಲು ತನ್ನ ಲೆಕ್ಕವನ್ನು ಸರಿಯಾಗಿ ಮಾಡಬೇಕು. ಲೆಕ್ಕ ತಪ್ಪಿದವನು ಕೊನೆಗೆ ಯಾರಿಗಾದರೂ ಅನ್ಯಾಯ ಮಾಡುತ್ತಾನೆ, ಇತರರಿಗಲ್ಲದಿದ್ದರೆ ತನ್ನ ಮನೆಮಂದಿಗೆ.

ಬ್ಯಾಂಕು ಮನೆಯನ್ನು ಎಲ್ಲಿದೆಯೋ ಹೇಗಿದೆಯೋ ಹಾಗೆಯೇ ಮಾರುತ್ತದೆ. ಗೋಡೆಯ ಬಿರುಕು, ತೆರಿಗೆ ಬಾಕಿ, ಒಳಗಿರುವ ಬಾಡಿಗೆದಾರ, ಎಲ್ಲ ಕೊಂಡವನ ಪಾಲಿಗೆ ಬರಬಹುದು. ಹಳೆಯ ಮಾಲಿಕನ ವಿದ್ಯುತ್ ಬಾಕಿಯನ್ನೂ ನಿಯಮಗಳಲ್ಲಿ ಅವಕಾಶವಿದ್ದರೆ ಹರಾಜಿನಲ್ಲಿ ಕೊಂಡವನಿಂದ ಕೇಳಬಹುದೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಆದ್ದರಿಂದ ಮನೆಯನ್ನು ಕಣ್ಣಾರೆ ನೋಡದೆ, ಋಣಭಾರ ಪತ್ರ, ಖಾತೆ, ಮೂಲ ಪತ್ರಗಳನ್ನು ವಕೀಲರಿಗೆ ತೋರಿಸದೆ ಮುಂಗಡ ಠೇವಣಿ ಕಟ್ಟಬಾರದು. ಬ್ಯಾಂಕಿನ ವಶದಲ್ಲಿದೆ ಎಂದು ಬರೆದಿದ್ದರೆ ಅದು ಬೀಗದ ಕೈ ಸಿಗುವ ನಿಜವಾದ ವಶವೋ ಅಥವಾ ಗೋಡೆಗೆ ನೋಟಿಸು ಅಂಟಿಸಿದ ಸಾಂಕೇತಿಕ ವಶವೋ ಎಂದು ಕೇಳಬೇಕು. ಎರಡನೆಯದಾದರೆ ಮನೆ ಕೈಗೆ ಬರಲು ತಿಂಗಳುಗಳೇ ಬೇಕಾದೀತು. ನ್ಯಾಯಮಂಡಳಿಯಲ್ಲಿ ಮೊಕದ್ದಮೆ ಇದೆಯೇ ಎಂಬುದನ್ನೂ ವಿಚಾರಿಸಬೇಕು.

ನಮ್ಮವರು ವಿಶೇಷವಾಗಿ ನೋಡಬೇಕಾದ ಇನ್ನೊಂದು ಸಂಗತಿಯಿದೆ. ಆ ಜಾಗ ತಂದೆಯಿಂದ ಬಂದದ್ದೇ? ಹಾಗಿದ್ದರೆ ಸಹೋದರಿಯರ ಪಾಲು ಅವರಿಗೆ ಸಂದಿದೆಯೇ? ತಂದೆ ತೀರಿಹೋದ ಮೇಲೆ ಹೆಣ್ಣು ಮಕ್ಕಳ ಹಕ್ಕು ಕೊಡದೆ, ಗಂಡು ಮಕ್ಕಳೇ ಪತ್ರ ಮಾಡಿಸಿಕೊಂಡು ಅಡವಿಟ್ಟ ಮನೆಗಳೂ ಇವೆ. ಅಂಥ ಮನೆ ಕಾನೂನಿನಲ್ಲಿ ವ್ಯಾಜ್ಯ ತರಬಹುದು. ಪರಲೋಕದ ಲೆಕ್ಕದಲ್ಲಂತೂ ಖಂಡಿತ ತರುತ್ತದೆ.

ಹಣದ ವಿಷಯ. ಸವಾಲು ಗೆದ್ದವನು ಮುಂಗಡ ಠೇವಣಿಯೂ ಸೇರಿ ಬೆಲೆಯ ಶೇಕಡಾ 25ನ್ನು ಅದೇ ದಿನ ಅಥವಾ ಮರುದಿನದ ಕೆಲಸದ ಅವಧಿಯೊಳಗೆ ಕಟ್ಟಬೇಕು. ಉಳಿದ ಶೇಕಡಾ 75ನ್ನು ಮಾರಾಟ ಸ್ಥಿರಪಟ್ಟ 15 ದಿನಗಳೊಳಗೆ ಕಟ್ಟಬೇಕು. ಲಿಖಿತ ಒಪ್ಪಿಗೆಯಿಂದ ಈ ಅವಧಿಯನ್ನು ಹೆಚ್ಚೆಂದರೆ 3 ತಿಂಗಳವರೆಗೆ ವಿಸ್ತರಿಸಬಹುದು. ಕಟ್ಟಲಾಗದಿದ್ದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಹೀಗೆ ಶೇಕಡಾ 25 ಪೂರ್ತಿಯಾಗಿ ಮುಟ್ಟುಗೋಲಾದದ್ದನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿಯಲ್ಲಿ ಎತ್ತಿಹಿಡಿದಿದೆ. ಯಾರೋ ಕೊಡುತ್ತಾರೆ, ಎಲ್ಲೋ ಸಿಗುತ್ತದೆ ಎಂಬ ಭರವಸೆಯ ಮೇಲೆ ಸವಾಲು ಹಾಕುವವನು ಕೊನೆಗೆ ಅದೇ ಬಡ್ಡಿಯ ಬಾಗಿಲಿಗೆ ಓಡಬೇಕಾಗುತ್ತದೆ. ಇನ್ನೊಬ್ಬನನ್ನು ಮನೆಯಿಂದ ಹೊರಹಾಕಿದ ಬಾಗಿಲಿಗೇ!

ನಾವಿಬ್ಬರೂ ಕುಳಿತು ಲೆಕ್ಕ ಮಾಡಿದೆವು. ಹೊರಗಿನ ಬೆಲೆ 55 ಲಕ್ಷ. ಅದರಿಂದ ಮುದ್ರಾಂಕ ಮತ್ತು ನೋಂದಣಿ ಶುಲ್ಕ, ತೆರಿಗೆ ಮತ್ತು ವಿದ್ಯುತ್ ಬಾಕಿ, ರಿಪೇರಿ, ವಕೀಲರ ಖರ್ಚು, ಮನೆ ಕೈಗೆ ಬರುವ ತನಕದ ಕಾಯುವಿಕೆ ಎಲ್ಲವನ್ನೂ ಕಳೆದೆವು. 48 ಲಕ್ಷ ಉಳಿಯಿತು. ಕಾಕ ಅದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರು. ಹರಾಜಿನ ಹೊತ್ತಿನಲ್ಲಿ ಮನುಷ್ಯನಿಗೆ ಮನೆ ಕಾಣುವುದಿಲ್ಲ, ಎದುರಾಳಿ ಮಾತ್ರ ಕಾಣುತ್ತಾನೆ. ಗೆಲ್ಲಬೇಕೆಂಬ ಹಟದಲ್ಲಿ ಕೊಟ್ಟ ಹೆಚ್ಚಿನ ಹಣಕ್ಕೆ ನಫ್ಸಿನ ಬೆಲೆ ಎಂದೇ ಹೆಸರಿಡಬೇಕು. ಅದನ್ನು ತಡೆಯಲು ಮೊದಲೇ ಬರೆದ ಚೀಟಿಯಷ್ಟು ಒಳ್ಳೆಯ ಸಂಗಾತಿ ಇಲ್ಲ.

ನಾವು ತಡವಾಗಿ ಬಂದೆವು

ಹರಾಜಿನ ದಿನ ಸಂಜೆ ಕಾಕ ಮಗ್ರಿಬ್‌ಗೆ ಬಂದರು. “ಸಿಗಲಿಲ್ಲ ಉಸ್ತಾದರೇ. 48ರ ತನಕ ಹೋದೆ. ಬೇರೆ ಊರಿನ ಯಾರೋ 48 ಲಕ್ಷ 25 ಸಾವಿರ ಹಾಕಿದರು. ಕೈ ತುಡಿಯಿತು. ಚೀಟಿ ನೋಡಿದೆ, ನಿಲ್ಲಿಸಿದೆ” ಎಂದರು. ಆ ಮೂವರ ಎರಡು ಲಕ್ಷವನ್ನು ಅವರು ಮೊದಲೇ ನಿರಾಕರಿಸಿದ್ದರು. ಮನೆಯೂ ಸಿಗಲಿಲ್ಲ, ಹಣವೂ ಸಿಗಲಿಲ್ಲ. ಆದರೆ ಖರ್ಚೆಲ್ಲ ಕಳೆದು ಸುಮಾರು ಒಂಬತ್ತು ಲಕ್ಷ ಆ ಕುಟುಂಬಕ್ಕೆ ಬರಬೇಕಾಯಿತು. ಒಬ್ಬ ಮನುಷ್ಯ ತನ್ನ ಮೌನವನ್ನು ಮಾರದೆ ಇದ್ದುದರ ಫಲ ಅದು.

ಇಲ್ಲಿಗೆ ಲೇಖನ ಮುಗಿಸಬಹುದಿತ್ತು. ಆದರೆ ನನ್ನ ಲೆಕ್ಕ ಇನ್ನೂ ಉಳಿದಿದೆ.

ಆ ಮನೆಯ ಕಿರಿಯ ಮಗ ನಮ್ಮ ಮದ್ರಸಾದ ವಿದ್ಯಾರ್ಥಿ. ಮೂರು ತಿಂಗಳಿಂದ ಅವನ ಶುಲ್ಕ ಬಾಕಿಯಿತ್ತು. ನಾನು ಎರಡು ಸಲ ಚೀಟಿ ಬರೆದು ಕಳಿಸಿದ್ದೆ. ಶುಲ್ಕ ಕೇಳಿದ್ದೆ, ಕಾರಣ ಕೇಳಿರಲಿಲ್ಲ. 60 ದಿನಗಳ ನೋಟಿಸು ಆ ಮನೆಗೆ ಬಂದದ್ದು ಅದೇ ಸಮಯದಲ್ಲಿ ಎಂದು ಆಮೇಲೆ ಲೆಕ್ಕಹಾಕಿದೆ. ಆ 60 ದಿನಗಳಲ್ಲಿ ಅವರು ನಮ್ಮೊಂದಿಗೆ ಎಷ್ಟು ನಮಾಝ್ ಮಾಡಿದ್ದರು! ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆವು. ಆ ಭುಜದ ಮೇಲೆ ಎಷ್ಟು ಭಾರವಿದೆಯೆಂದು ಯಾರೂ ಕೇಳಲಿಲ್ಲ.

ಪವಿತ್ರ ಕುರ್‌ಆನ್ ಅಲ್ ಬಕರ ಅಧ್ಯಾಯದ 280ನೇ ಸೂಕ್ತದಲ್ಲಿ, ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಯುವಂತೆಯೂ, ಬಿಟ್ಟುಕೊಟ್ಟರೆ ಮತ್ತೂ ಉತ್ತಮವೆಂದೂ ಉಪದೇಶಿಸಿದೆ. ಬ್ಯಾಂಕು ಆ ಸೂಕ್ತದಂತೆ ನಡೆಯುವುದಿಲ್ಲ, ನಿಜ. ಆದರೆ ಅತ್ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್‌ಗೆ ಅರ್ಹರಾದ ಎಂಟು ವರ್ಗದವರಲ್ಲಿ ಸಾಲದಲ್ಲಿ ಮುಳುಗಿದವರನ್ನೂ ಹೆಸರಿಸಿರುವುದು ಬ್ಯಾಂಕಿಗೆ ಹೇಳಿದ್ದಲ್ಲ, ನಮಗೆ ಹೇಳಿದ್ದು. ಮುಸ್ಲಿಮ್ ವರದಿ ಮಾಡಿರುವ ಒಂದು ಹದೀಸ್‌ನಲ್ಲಿ, ಕೊಂಡ ಫಲದಲ್ಲಿ ನಷ್ಟವಾಗಿ ಸಾಲದಲ್ಲಿ ಬಿದ್ದ ಒಬ್ಬರಿಗೆ ದಾನ ಮಾಡುವಂತೆ ಪ್ರವಾದಿಯವರು(ಸ) ಮೊದಲು ಜನರಿಗೆ ಆಜ್ಞಾಪಿಸಿದರು. ಅದೂ ಸಾಲದಾದಾಗ, ಸಿಕ್ಕಿದ್ದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚಿನದು ನಿಮಗಿಲ್ಲ ಎಂದು ಸಾಲ ಕೊಟ್ಟವರಿಗೆ ತಿಳಿಸಿದರು. ಮೊದಲು ಸಮಾಜ, ಆಮೇಲೆ ಸಾಲ ಕೊಟ್ಟವರು. ನಮ್ಮಲ್ಲಿ ಮೊದಲು ಬ್ಯಾಂಕು, ಆಮೇಲೆ ಹರಾಜು, ಕೊನೆಗೆ ಸಮಾಜದ ಕನಿಕರ.

ಓದುಗ ಸಹೋದರ ಸಹೋದರಿಯರೇ, ದಯೆಗೂ ಒಂದು ಸಮಯವಿದೆ. ಪ್ರಕಟಣೆ ಪತ್ರಿಕೆಯಲ್ಲಿ ಬಂದ ಮೇಲೆ ನಾವು ಮಾಡಬಹುದಾದದ್ದು ನ್ಯಾಯವಾಗಿ ಸವಾಲು ಹಾಕುವುದು ಮಾತ್ರ. ಅದಕ್ಕೂ ಮುಂಚೆ ಮಾಡಬಹುದಾದದ್ದು ಬಹಳವಿತ್ತು. ಬ್ಯಾಂಕಿನೊಂದಿಗೆ ಮಾತಾಡಿ ಕಂತು ಕಡಿಮೆ ಮಾಡಿಸಲು ಜೊತೆಗೆ ಹೋಗಬಹುದಿತ್ತು. ಮನೆ ಉಳಿಸಲು ಸಾಧ್ಯವೇ ಇಲ್ಲವೆಂದಾದರೆ, ಬ್ಯಾಂಕಿನ ಒಪ್ಪಿಗೆ ಪಡೆದು, ಅವರೇ ತಮ್ಮ ಕೈಯಾರೆ ಹೊರಗಿನ ಬೆಲೆಗೆ ಮಾರಿ ಸಾಲ ತೀರಿಸಲು ನೆರವಾಗಬಹುದಿತ್ತು. ಆಗ 55 ಲಕ್ಷಕ್ಕೆ ಹತ್ತಿರದ ಬೆಲೆ ಬರುತ್ತಿತ್ತು. ಹೆಸರು ಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಕೊಳ್ಳುವವರೂ ನಮ್ಮೊಳಗೇ ಇದ್ದರು, ಅದೇ ಸಫ್‌ನಲ್ಲಿ! ಒಬ್ಬರು ಮನೆ ಮಾರಬೇಕಾದವರು, ಒಬ್ಬರು ಮಗಳಿಗೆ ಮನೆ ಹುಡುಕುತ್ತಿದ್ದವರು. ಇಬ್ಬರ ನಡುವೆ ಮೂರು ಜನರ ಅಂತರವೂ ಇರಲಿಲ್ಲ. ಪರಸ್ಪರ ವಿಚಾರಿಸುವ ಒಂದು ಮಾತು ಮಾತ್ರ ಇಲ್ಲದೆ ಹೋಯಿತು.

ಪ್ರವಾದಿಯವರು(ಸ) ಆ ಅನ್ಸಾರಿಯನ್ನು ಮೊದಲು ಕೇಳಿದ್ದು ಏನನ್ನು? ಮನೆಯಲ್ಲಿ ಏನಿದೆ ಎಂದು. ಏಲಂ ಆಮೇಲೆ ನಡೆಯಿತು, ಪ್ರಶ್ನೆ ಮೊದಲು ಬಂತು.

ಮರುವಾರದಿಂದ ನಾನು ಶುಲ್ಕದ ಚೀಟಿ ಬರೆಯುವುದನ್ನು ನಿಲ್ಲಿಸಿದ್ದೇನೆ. ಶುಲ್ಕ ನಿಂತ ಮನೆಗೆ ನಾನೇ ಹೋಗುತ್ತೇನೆ. ಚಹಾ ಕೊಟ್ಟರೆ ಕುಡಿಯುತ್ತೇನೆ. ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ಕೇಳುತ್ತೇನೆ. ಉತ್ತರ ಬರುವ ತನಕ ಕೂರುತ್ತೇನೆ.

ಸಾಲದ ಭಾರದಿಂದಲೂ, ಇನ್ನೊಬ್ಬರ ಸಾಲದಿಂದ ಲಾಭ ಹುಡುಕುವ ಮನಸ್ಸಿನಿಂದಲೂ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.